ನಿಜಕ್ಕೂ ಭ್ರಮೆಗೂ ಒಂದೇ ಗೆರೆ

ಬಯಲಿನಲ್ಲೊಂದು ಪುಟ್ಟ ವೇದಿಕೆ. ಝಾಲರಿ ಲಂಗ ತೊಟ್ಟ ಮೂವರು ಹುಡುಗಿಯರು ಹಾಡಿ ಕುಣಿಯುತ್ತಿದ್ದಾರೆ. ಗುಂಪಿನಲ್ಲೊಬ್ಬ ಅಂಗೈ ಚಾಚಿ, ಅದರ ಅಂಚಿನಿಂದ ದಿಟ್ಟಿಸುತ್ತಾನೆ. ಅವನ ಕಣ್ಣಿಗೆ ಆ ಮೂವರಲ್ಲೊಬ್ಬಳಾದ ಮೀಮಾ ಈಗ ತನ್ನ ಅಂಗೈ ಮೇಲೇ ಕುಣಿಯುತ್ತಿದ್ದಾಳೆ. ಹಾಡಿನ ನಡುವೆಯೇ ಅದೇ ಮೀಮಾ ರೈಲಿನಲ್ಲಿ ಕೂತಿರುತ್ತಾಳೆ, ಅಂಗಡಿಯಲ್ಲಿ ಸಾಮಾನು ಆರಿಸುತ್ತಾಳೆ. ತಾರೆ ಯಾರು, ಹುಡುಗಿ ಯಾರು?

ಸತೋಶಿ ಕೋನ್ ನಿರ್ದೇಶನದ ಮೊದಲ ಚಿತ್ರ, 1997ರ ಜಪಾನಿ ಅನಿಮೆ (ಅನಿಮೇಷನ್) ‘ಪರ್ಫೆಕ್ಟ್ ಬ್ಲೂ’ದ ಶುರುವಿನ ದೃಶ್ಯವಿದು.

ಮೀಮಾ ಹಾಡು ಬಿಟ್ಟು ನಟಿಯಾಗಲು ಹೊರಡುತ್ತಾಳೆ. ಮನೆಗೆ ಹೊಸ ಕಂಪ್ಯೂಟರ್ ಬರುತ್ತದೆ. ನೋಡಿದರೆ ಅಂತರ್ಜಾಲದಲ್ಲಿ ಯಾರೋ ಅವಳ ಹೆಸರಿನಲ್ಲಿ ದಿನಚರಿ ಬರೆಯುತ್ತಿದ್ದಾರೆ. ರೈಲಿನಿಂದ ಇಳಿಯುವಾಗ ಯಾವ ಕಾಲು ಮೊದಲು ಇಡುತ್ತಾಳೆಂಬುದೂ ಅಲ್ಲಿದೆ! ಮೊದಲು ನಗುತ್ತಾಳೆ, ಆಮೇಲೆ ಬೆಚ್ಚುತ್ತಾಳೆ.

ಅವಳು ನಟಿಸುವ ಧಾರಾವಾಹಿಗಾಗಿ ಅತ್ಯಾಚಾರದ ದೃಶ್ಯ. ಚಿತ್ರೀಕರಣ ನಿಂತಾಗ ಮೈಮೇಲೆರಗಿದ್ದ ನಟ ಮೆಲ್ಲಗೆ ಕ್ಷಮೆ ಕೇಳುತ್ತಾನೆ. ನಡೆದದ್ದು ನಟನೆ, ಆದರೆ ಆದ ಗಾಯ ನಟನೆಯದಲ್ಲ. ಕೋಣೆಗೆ ಮರಳಿದರೆ ತೊಟ್ಟಿಯಲ್ಲಿ ಮೀನುಗಳು ಸತ್ತು ತೇಲುತ್ತಿವೆ. ಆವರೆಗೆ ತಡೆದಿದ್ದ ಅಳು ಆಗ ಕಟ್ಟೆಯೊಡೆಯುತ್ತದೆ.

ಅಲ್ಲಿಂದಾಚೆಗೆ ಕೊಲೆಗಳಾಗುತ್ತವೆ, ನೆಲ ಜಾರತೊಡಗುತ್ತದೆ. ಹಳೆಯ ವೇಷದ ಇನ್ನೊಬ್ಬ ಮೀಮಾ ಕಿಟಕಿ ಗಾಜಿನಲ್ಲಿ ಕಾಣಿಸಿಕೊಂಡು ನಗುತ್ತಾಳೆ, ದೀಪದ ಕಂಬದಿಂದ ಕಂಬಕ್ಕೆ ಹಗುರಾಗಿ ಜಿಗಿಯುತ್ತಾಳೆ. ಮೀಮಾ ಬೆಚ್ಚಿ ಹಾಸಿಗೆಯಲ್ಲಿ ಏಳುತ್ತಾಳೆ. ಮತ್ತೆ ಏಳುತ್ತಾಳೆ. ಕನಸು ಮುಗಿದು ಧಾರಾವಾಹಿ ಶುರುವಾದದ್ದು ಎಲ್ಲಿ, ಧಾರಾವಾಹಿ ಮುಗಿದು ಬದುಕು ಶುರುವಾದದ್ದು ಎಲ್ಲಿ?

ಅನಿಮೆಯ ಗುಟ್ಟು ಇಲ್ಲಿದೆ. ನಟರಿರುವ ಸಿನಿಮಾದಲ್ಲಿ ದೆವ್ವ ಬಂದರೆ ಅದು ಕೈಚಳಕವೆಂದು ಕಣ್ಣು ಹೇಗೋ ಗುರುತು ಹಿಡಿಯುತ್ತದೆ. ಇಲ್ಲಿ ಹುಡುಗಿಯನ್ನೂ ಅವಳ ಭ್ರಮೆಯನ್ನೂ ಬರೆದದ್ದು ಒಂದೇ ಕುಂಚ. ಎರಡಕ್ಕೂ ಒಂದೇ ಬಣ್ಣ, ಒಂದೇ ತೂಕ. ಹಿಡಿದುಕೊಳ್ಳಲು ನೋಡುಗರಿಗೆ ಒಂದು ಗೋಡೆಯೂ ಸಿಗುವುದಿಲ್ಲ. ಮೀಮಾಳ ದಿಗಿಲನ್ನು ನಾವು ನೋಡುವುದಷ್ಟೇ ಅಲ್ಲ, ಅದರೊಳಗೇ ಸಿಕ್ಕಿಬೀಳುತ್ತೇವೆ.

ಕೊನೆಯ ಬೆನ್ನಟ್ಟುವಿಕೆಯಲ್ಲಿ ಕೋನ್ ಅದೇ ಆಟವನ್ನು ತಿರುಗಿಸಿಡುತ್ತಾರೆ. ತಾರೆಯ ವೇಷ ತೊಟ್ಟ ಆಕೃತಿ ಬೀದಿಯಲ್ಲಿ ತೇಲುತ್ತ ಬರುತ್ತಿದೆ; ಪಕ್ಕದ ಗಾಜಿನಲ್ಲಿ ಮಾತ್ರ ಏದುಸಿರು ಬಿಡುತ್ತ ಓಡುವ ಭಾರದ ದೇಹವೊಂದು ಕಾಣುತ್ತದೆ. ಇಷ್ಟು ಹೊತ್ತು ಸುಳ್ಳು ಹೇಳಿದ್ದ ಗಾಜು ಈಗ ನಿಜ ಹೇಳುತ್ತಿದೆ.

2004ರಲ್ಲಿ ಕೋನ್ ಮಾಡಿದ ಹದಿಮೂರು ಕಂತುಗಳ ‘ಪ್ಯಾರನೋಯಾ ಏಜೆಂಟ್’ನಲ್ಲಿ ಇದೇ ದಿಗಿಲು ಇಡೀ ಊರಿಗೆ ಹಬ್ಬಿತು. ಇಂಥ ಕತೆಗಳಲ್ಲಿ ಕೊಲೆಗಾರ ಯಾರೆಂದು ತಿಳಿದರೂ ಕುತೂಹಲ ತಣಿಯುವುದಿಲ್ಲ. ಯಾವುದು ನಡೆದಿತ್ತು, ಯಾವುದು ನಡೆದಿರಲಿಲ್ಲ ಎಂಬ ಲೆಕ್ಕ ಆಗಲೂ ಹೊಂದುವುದಿಲ್ಲ. ಅದಕ್ಕೇ ಜನ ಮತ್ತೆ ಮೊದಲಿನಿಂದ ನೋಡುತ್ತಾರೆ, ಈ ಸಲ ಕೊಲೆಗಾರನಿಗಿಂತ ತಮ್ಮ ಕಣ್ಣನ್ನೇ ಹೆಚ್ಚು ಅನುಮಾನಿಸುತ್ತ.