ಉದ್ಯಾನದೊಳಗಿನ ಮನೆ: ಕುದುರೆಮುಖ, ಮಲೆಕುಡಿಯರು ಮತ್ತು ಹಿರಿಯರ ಮಾತಿನ ಸಾಕ್ಷಿ

ಇವತ್ತು ನಾನು ಮಾತಾಡೋದು 'ರಾಷ್ಟ್ರೀಯ ಉದ್ಯಾನ' ಎಂಬ ಪದದ ಬಗ್ಗೆ. ನಮ್ಮ ದೇವಣಿ ಕಡೆ ಮರಾಠಿಯ 'ರಾನ' ಅಂದ್ರ ಕಾಡೂ ಹೌದು, ದುಡಿಯೋ ಹೊಲಾನೂ ಹೌದು. 'ಉದ್ಯಾನ' ಹಾಂಗಲ್ಲ. ಅಲ್ಲಿಗೆ ನೋಡ್ಲಿಕ್ಕೆ ಹೋಗ್ತೀವಿ, ಯಾರೂ ಮನೆ ಮಾಡೋದಿಲ್ಲ. ಕಾಡಿಗೆ ಈ ಹೆಸರು ಬಿದ್ದಾಗ ಅಲ್ಲಿ ಮೊದಲಿಂದ ಇದ್ದವರ ಗತಿ ಏನು?

ಕುದುರೆಮುಖವನ್ನೇ ನೋಡೋಣ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿರುವ ಈ ನಿತ್ಯಹರಿದ್ವರ್ಣ ಮಳೆಕಾಡು ಸುಮಾರು 600 ಚದರ ಕಿಲೋಮೀಟರ್ ಇದೆ. ಸಿಂಗಳೀಕಗಳ ನೆಲೆ ಇದು. 1987ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಆದರೆ ಮಲೆಕುಡಿಯರು ಈ ಮಲೆಗಳಲ್ಲಿ ಅದಕ್ಕೂ ಬಹಳ ಹಿಂದಿನಿಂದ ಇದ್ದಾರೆ. ಶಿವರಾಮ ಕಾರಂತರು 'ಕುಡಿಯರ ಕೂಸು' ಕಾದಂಬರಿಯಲ್ಲಿ ಈ ಸಮುದಾಯದ ಬದುಕನ್ನು ಬರೆದಾಗ 1972ರ ವನ್ಯಜೀವಿ ಕಾಯ್ದೆ ಇನ್ನೂ ಹುಟ್ಟಿರಲಿಲ್ಲ.

ಆ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಜನರ ಕೆಲವು ಹಕ್ಕುಗಳು ಉಳಿಯಬಹುದು. ರಾಷ್ಟ್ರೀಯ ಉದ್ಯಾನದಲ್ಲಿ ಹಕ್ಕುಗಳೆಲ್ಲ ಸರ್ಕಾರಕ್ಕೆ ಸೇರಬೇಕು; ದನ ಮೇಯಿಸುವಂತೆಯೂ ಇಲ್ಲ. ಇದೇ ಕಾಡಿನಲ್ಲಿ ಕಬ್ಬಿಣದ ಅದಿರಿನ ಗಣಿಯೂ ಇತ್ತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನ ನಂತರ ಅದು ನಿಂತದ್ದು 2005ರ ಕೊನೆಗೆ. ಅಂದ್ರ ಉದ್ಯಾನವೆಂದು ಘೋಷಿಸಿದ ಮೇಲೂ ಹದಿನೆಂಟು ವರ್ಷ ಗುಡ್ಡ ಅಗೆಯೋದು ನಡೀತು.

2006ರ ಅರಣ್ಯ ಹಕ್ಕು ಕಾಯ್ದೆ ಬೇರೆ ದಾರಿ ತೆರೆಯಿತು. ಹಕ್ಕುಗಳ ಮಾನ್ಯತೆ ಮುಗಿಯುವವರೆಗೆ ಅರಣ್ಯವಾಸಿಗಳನ್ನು ಎಬ್ಬಿಸುವಂತಿಲ್ಲ. ವನ್ಯಜೀವಿಗಳಿಗಾಗಿ ಸ್ಥಳಾಂತರ ಮಾಡಬೇಕಾದರೂ ಸಹಬಾಳ್ವೆ ಸಾಧ್ಯವಿಲ್ಲವೆಂದು ತೀರ್ಮಾನವಾಗಬೇಕು, ಗ್ರಾಮಸಭೆ ಲಿಖಿತ ಒಪ್ಪಿಗೆ ಕೊಡಬೇಕು. ಪರಿಶಿಷ್ಟ ಪಂಗಡದವರು 13 ಡಿಸೆಂಬರ್ 2005ಕ್ಕಿಂತ ಮುಂಚಿನ ವಾಸವನ್ನು ತೋರಿಸಬೇಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು.

ಕಾಗದ ಇಲ್ಲದವರು ಏನು ತೋರಿಸಬೇಕು? ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಸಂಬಂಧಪಟ್ಟ ಸಂಗತಿ ಇಲ್ಲೇ ಅದ. ಕಾಯ್ದೆಯ ನಿಯಮಗಳು ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದನ್ನೂ ಸಾಕ್ಷಿಯಾಗಿ ಒಪ್ಪುತ್ತವೆ. ಒಂದೇ ಷರತ್ತು, ಆ ಹಿರಿಯರು ಹಕ್ಕು ಕೇಳಿದವರೇ ಆಗಿರಬಾರದು. ಬಾವಿ, ಸಮಾಧಿ, ದೇವರಕಾಡುಗಳೂ ಸಾಕ್ಷಿಯೇ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಹಿರಿಯರು ಸಂಶೋಧಕರ ಜೊತೆ ಸೇರಿ ತಮ್ಮ ಪವಿತ್ರ ತಾಣಗಳ ನಕ್ಷೆ ಮಾಡಿದ್ದಾರೆ. ಅದು ಹುಲಿ ಸಂರಕ್ಷಿತ ಪ್ರದೇಶವಾದರೂ 2011ರಲ್ಲಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು.

ನಾವು ಜಾನಪದ ಅಂತ ಹಾಡು, ಕತೆ ಸಂಗ್ರಹಿಸ್ತೀವಿ. ಹಾಡಿನೊಳಗಿನ ಹಳ್ಳದ ಹೆಸರು, ಕಲ್ಲಿನ ಹೆಸರು ಅಡಿಟಿಪ್ಪಣಿಗೆ ಹೋಗ್ತಾವ. ಹೇಳಿದವರು ಒಪ್ಪಿದರೆ ಅವರ ಹೆಸರು, ದಿನಾಂಕ, ಜಾಗಗಳನ್ನು ಸರಿಯಾಗಿ ಬರೆದು, ಒಂದು ಪ್ರತಿಯನ್ನು ಅವರ ಗ್ರಾಮಸಭೆಗೆ ಕೊಡೋಣ. ನಮಗೆ ಅಂಕ ತರುವ ಪುಟ ಅವರ ಮನೆ ಉಳಿಸುವ ದಾಖಲೆಯೂ ಆಗಬಹುದು.