ಉಪ್ಪಿಲ್ಲದ ದಿನದ ರುಚಿ

ಚಾತುರ್ಮಾಸ್ಯಕ್ಕೆ ಮುನಿಸಂಘವೊಂದು ಊರಿನಲ್ಲಿ ನೆಲೆ ನಿಂತಿತೆಂದರೆ ಆ ಊರಿನ ಶ್ರಾವಕರ ಅಡುಗೆಮನೆಗಳ ದಿನಚರಿಯೇ ಬೇರೆಯಾಗುತ್ತದೆ. ಮುಂಜಾನೆ ಸ್ನಾನ ಮುಗಿಸಿ, ಮಡಿ ಉಟ್ಟು, ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ ತರುವುದರಿಂದ ಮೊದಲುಗೊಂಡು ಮನೆಯಲ್ಲಿಯೇ ಬೀಸಿದ ಹಿಟ್ಟನ್ನು ನಾದುವವರೆಗೆ ಎಲ್ಲಕ್ಕೂ ಒಂದು ಕ್ರಮವಿದೆ. ಸಂಘದಲ್ಲಿ ಯಾರು ಯಾವ ರಸವನ್ನು ತ್ಯಜಿಸಿದ್ದಾರೆಂಬುದನ್ನು ಮನೆಯವರು ಮುಂಚಿತವಾಗಿಯೇ ವಿಚಾರಿಸಿ ತಿಳಿದಿರುತ್ತಾರೆ. ಒಬ್ಬರಿಗೆ ಉಪ್ಪು ಸಲ್ಲದು, ಇನ್ನೊಬ್ಬರಿಗೆ ಬೆಲ್ಲ ಸಕ್ಕರೆ ಸಲ್ಲದು, ಮತ್ತೊಬ್ಬರಿಗೆ ಎಣ್ಣೆ ಸಲ್ಲದು. ಯಾವ ಮುನಿಗಳು ಯಾವ ಮನೆಯ ಮುಂದೆ ನಿಲ್ಲುವರೆಂಬುದು ಆ ಗಳಿಗೆಯವರೆಗೂ ತಿಳಿಯದು. ಆದ್ದರಿಂದ ಉಪ್ಪು, ಸಿಹಿ, ಎಣ್ಣೆ ಯಾವುದೂ ಇಲ್ಲದ ಬೇಳೆ, ಹಾಗೆಯೇ ಬೇಯಿಸಿದ ಸೋರೆಕಾಯಿ ಎಲ್ಲವೂ ಬೇರೆ ಬೇರೆ ಪಾತ್ರೆಗಳಲ್ಲಿ ಸಿದ್ಧವಾಗಿರುತ್ತವೆ.

ಆಹಾರ ಮುಗಿದು ಮುನಿಗಳು ತೆರಳಿದ ಮೇಲೆ ಉಳಿದದ್ದನ್ನು ಮನೆಯವರು ಉಣ್ಣುತ್ತಾರೆ. ಅಂದು ಬೇಳೆಯಲ್ಲಿ ಉಪ್ಪಿಲ್ಲವೆಂದು ಮಕ್ಕಳೂ ಗೊಣಗುವುದಿಲ್ಲ. ಅಜ್ಜಿ ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ. ಆದರೆ ಅದೇ ಮನೆಯ ಯಜಮಾನರಿಗೆ ರಕ್ತದೊತ್ತಡ ಏರಿದೆಯೆಂದು ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳಿದ ದಿನ, ಅದೇ ಬೇಳೆ, ಅದೇ ಸೋರೆಕಾಯಿ ಗಂಟಲಲ್ಲಿ ಇಳಿಯದು. ತಟ್ಟೆಯ ಮುಂದೆ ಕುಳಿತವರ ಮುಖ ಬಾಡುತ್ತದೆ. ಬಡಿಸಿದವರಿಗೂ ಸಂಕಟ. ಇನ್ನು ಬದುಕಿನಲ್ಲಿ ಉಳಿದ ಸುಖವೇನು ಎಂಬ ಮಾತೂ ಬಂದುಬಿಡುತ್ತದೆ. ಕೆಲವು ವಾರ ಬಾಯಿ ಕಟ್ಟಿದಂತೆ ಮಾಡಿ, ಮತ್ತೆ ಉಪ್ಪಿನಕಾಯಿಯ ಭರಣಿಗೆ ಕೈ ಹೋಗುತ್ತದೆ.

ಪದಾರ್ಥ ಒಂದೇ, ನಾಲಗೆಯೂ ಒಂದೇ. ಒಂದು ದಿನ ಪ್ರಸಾದವಾದದ್ದು ಇನ್ನೊಂದು ದಿನ ಶಿಕ್ಷೆಯಾಗುವುದೇಕೆ? ಈ ಪ್ರಶ್ನೆ ಇಂದು ಎಷ್ಟೋ ಮನೆಗಳಲ್ಲಿ ಆರೋಗ್ಯದ ಅಳಿವು ಉಳಿವಿನ ಪ್ರಶ್ನೆಯೇ ಆಗಿದೆ. ‘ಪಥ್ಯ’ ಎಂಬ ಶಬ್ದಕ್ಕೆ ಒದಗಿದ ಗತಿಯನ್ನು ನೋಡಿದರೆ ಇದು ಸ್ಪಷ್ಟವಾದೀತು. ಪಥಕ್ಕೆ, ಎಂದರೆ ನಡೆಯುವ ದಾರಿಗೆ ಹೊಂದುವಂಥದ್ದು ಪಥ್ಯ. ಅದು ಹಿತವಾದ ಆಹಾರಕ್ಕೆ ಇದ್ದ ಗೌರವದ ಹೆಸರು. ಈಗ ಆ ಮಾತನ್ನು ಕೇಳಿದೊಡನೆ ರೋಗಿಯ ಹಾಸಿಗೆ ನೆನಪಾಗುತ್ತದೆ. ದಾರಿಯನ್ನು ಮರೆತು ತಡೆಯನ್ನು ಮಾತ್ರ ನೆನಪಿನಲ್ಲಿ ಇಟ್ಟುಕೊಂಡವರಿಗೆ ಪಥ್ಯದಲ್ಲಿ ರುಚಿ ಹುಟ್ಟುವುದಾದರೂ ಹೇಗೆ?

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಆರು ಬಾಹ್ಯ ತಪಸ್ಸುಗಳನ್ನು ಹೇಳುತ್ತದೆ. ಅವುಗಳಲ್ಲಿ ನಾಲ್ಕು ಆಹಾರಕ್ಕೆ ಸಂಬಂಧಿಸಿದವು: ಉಣ್ಣದಿರುವ ಅನಶನ, ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ, ಆಹಾರಕ್ಕೆ ಹೊರಡುವಾಗ ಮನದಲ್ಲೇ ನಿಯಮ ಮಾಡಿಕೊಳ್ಳುವ ವೃತ್ತಿಪರಿಸಂಖ್ಯಾನ, ಮತ್ತು ರಸಪರಿತ್ಯಾಗ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ ಸಕ್ಕರೆಯ ಸಿಹಿ, ಉಪ್ಪು – ಈ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಎಲ್ಲವನ್ನೂ ಬಿಡುವುದೇ ರಸಪರಿತ್ಯಾಗ. ಕನ್ನಡ ನಾಡಿನವರೇ ಆದ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ ಟೀಕೆಯಲ್ಲಿ ಈ ತಪಗಳ ಪ್ರಯೋಜನವನ್ನು ವಿವರಿಸಿದ್ದಾರೆ. ಇಂದ್ರಿಯಗಳ ಸೊಕ್ಕು ಅಡಗಲು, ನಿದ್ರೆಯನ್ನು ಗೆಲ್ಲಲು, ಸ್ವಾಧ್ಯಾಯ ಸುಗಮವಾಗಲು ತುಪ್ಪದಂಥ ಪುಷ್ಟಿಕರ ರಸಗಳ ತ್ಯಾಗ. ಸಂಯಮಕ್ಕೆ, ಎಚ್ಚರಕ್ಕೆ, ದೋಷಗಳ ಶಮನಕ್ಕೆ, ಸಂತೋಷಕ್ಕೆ ಅವಮೌದರ್ಯ.

ಈ ಪಟ್ಟಿಯಲ್ಲಿ ದೋಷಶಮನದ ಪಕ್ಕದಲ್ಲೇ ‘ಸಂತೋಷ’ ಬಂದಿರುವುದನ್ನು ಗಮನಿಸಬೇಕು. ಶಾಸ್ತ್ರದ ಭಾಷೆಯಲ್ಲಿ ಸಂತೋಷವೆಂದರೆ ತೃಪ್ತಿ, ಸಾಕೆನ್ನುವ ಮನಸ್ಸು. ಕನ್ನಡದಲ್ಲಿ ಅದೇ ಮಾತು ಆನಂದವೂ ಆಗಿದೆ. ಕಡಿಮೆ ಉಂಡವನಿಗೆ ಸಂತೋಷವು ತಪದ ಕೊನೆಯಲ್ಲಿ ದೊರೆಯುವ ದೂರದ ಬಹುಮಾನವಲ್ಲ, ಆ ಊಟದಲ್ಲಿಯೇ ಸೇರಿರುವ ಫಲ. ಪ್ರಾಚೀನರು ಪುರುಷನ ಪೂರ್ಣ ಆಹಾರವನ್ನು 32 ತುತ್ತು, ಸ್ತ್ರೀಯ ಪೂರ್ಣ ಆಹಾರವನ್ನು 28 ತುತ್ತು ಎಂದು ಎಣಿಸಿದರು. ಅದರಲ್ಲಿ ಒಂದು ತುತ್ತು ಕಡಿಮೆಯಾದರೂ ಅವಮೌದರ್ಯವೇ. ಮೊದಲ ದಿನವೇ ಅರ್ಧ ಹೊಟ್ಟೆಯಲ್ಲಿ ಏಳಬೇಕೆಂದು ಯಾರೂ ಹೇಳಲಿಲ್ಲ.

ಮುನಿಗಳ ಆಹಾರಕ್ಕೆ ಪರಂಪರೆ ಐದು ಹೋಲಿಕೆಗಳನ್ನು ಕೊಟ್ಟಿದೆ. ಹುಲ್ಲು ತಂದವರ ಒಡವೆ ವಸ್ತ್ರಗಳತ್ತ ಕಣ್ಣು ಹಾಯಿಸದೆ ಹುಲ್ಲನ್ನಷ್ಟೇ ಮೇಯುವ ಹಸುವಿನಂತೆ ಉಣ್ಣುವುದು ಗೋಚರಿ. ಹೂವಿಗೆ ನೋವಾಗದಂತೆ ಮಧುವನ್ನು ಹೀರುವ ದುಂಬಿಯಂತೆ, ಕೊಡುವವರಿಗೆ ಹೊರೆಯಾಗದೆ ಸ್ವೀಕರಿಸುವುದು ಭ್ರಾಮರಿ. ಉರಿಯುವ ಮನೆಯನ್ನು ಸಿಕ್ಕಿದ ನೀರಿನಿಂದ ಆರಿಸುವಂತೆ ಹಸಿವಿನ ಕಿಚ್ಚನ್ನು ತಣಿಸುವುದು ಉದರಾಗ್ನಿಪ್ರಶಮನ. ಗುಂಡಿಯನ್ನು ಕಲ್ಲೋ ಮಣ್ಣೋ ಹಾಕಿ ತುಂಬುವಂತೆ ಹೊಟ್ಟೆಯನ್ನು ತುಂಬುವುದು ಗರ್ತಪೂರಣ. ಐದನೆಯದು ಅಕ್ಷಮ್ರಕ್ಷಣ. ರತ್ನಗಳನ್ನು ಹೇರಿಕೊಂಡು ಹೊರಟ ಗಾಡಿ ಊರು ಮುಟ್ಟಬೇಕಾದರೆ ಅಚ್ಚಿಗೆ ಕೀಲೆಣ್ಣೆ ಬೇಕು. ಎಷ್ಟು ಬೇಕೋ ಅಷ್ಟೇ. ಕೀಲೆಣ್ಣೆಯಿಲ್ಲದೆ ಗಾಡಿ ಹೊಡೆಯುವವನೂ ಮೂರ್ಖ, ಡಬ್ಬಿಯನ್ನೆಲ್ಲ ಸುರಿಯುವವನೂ ಮೂರ್ಖ.

ಗೃಹಸ್ಥರಿಗೆ ಗುಂಡಿ ತುಂಬುವ ಹೋಲಿಕೆ ಸ್ವಲ್ಪ ಕಠೋರವೆನಿಸಬಹುದು. ಮಕ್ಕಳಿಗೆ ಪ್ರೀತಿಯಿಂದ ಅಡುಗೆ ಮಾಡುವವರ ಮುಂದೆ ಅದನ್ನು ಹೇಳುವುದು ಸರಿಯೂ ಅಲ್ಲ. ಆದರೆ ಗಾಡಿಯ ಹೋಲಿಕೆ ಯಾರಿಗಾದರೂ ಒಪ್ಪುವಂಥದ್ದು. ಗಾಡಿಯಲ್ಲಿ ರತ್ನಗಳಿವೆ ಎಂಬ ನೆನಪೇ ಅದರ ತಿರುಳು. ಆ ನೆನಪಿದ್ದ ದಿನ ಮನೆಯವರು ಉಪ್ಪಿಲ್ಲದ ಬೇಳೆಯನ್ನು ಸಂತೋಷದಿಂದ ಉಂಡರು. ಅದಿಲ್ಲದ ದಿನ ಅದೇ ಬೇಳೆ ವೈದ್ಯರ ಆಜ್ಞೆಯಾಗಿ ಕಂಡಿತು. ಕಸಿದುಕೊಂಡದ್ದಕ್ಕಾಗಿ ಮನಸ್ಸು ಕೊರಗುತ್ತದೆ, ತಾನೇ ಬಿಟ್ಟದ್ದಕ್ಕಾಗಿ ಕೊರಗುವುದಿಲ್ಲ.

ಹಾಗಾದರೆ ಬಿಡುವುದನ್ನು ಕಲಿಯುವುದೆಂತು? ದಿಗಂಬರ ಜೈನ ಮನೆಗಳಲ್ಲಿ ಒಂದು ಸರಳ ರೂಢಿಯಿದೆ. ವಾರದ ಒಂದೊಂದು ದಿನ ಒಂದೊಂದನ್ನು ಬಿಡುವುದು. ಭಾನುವಾರ ಉಪ್ಪು, ಸೋಮವಾರ ಹಸಿರು ತರಕಾರಿ, ಮಂಗಳವಾರ ಸಿಹಿ, ಬುಧವಾರ ತುಪ್ಪ, ಗುರುವಾರ ಹಾಲು, ಶುಕ್ರವಾರ ಮೊಸರು, ಶನಿವಾರ ಎಣ್ಣೆ. ಎಲ್ಲವನ್ನೂ ಪಾಲಿಸುವವರು ವಿರಳ. ಒಂದೆರಡು ದಿನವನ್ನು ಹಿಡಿದವರು ಅನೇಕರು. ಭಾನುವಾರ ಉಪ್ಪು ಬಿಟ್ಟವರನ್ನು ಕೇಳಿದರೆ ಹೆಚ್ಚುಕಡಿಮೆ ಒಂದೇ ಮಾತು ಬರುತ್ತದೆ. ಮೊದಲ ವಾರ ಹಿಂಸೆ, ಎರಡನೆಯ ವಾರ ಬೇಸರ, ಆಮೇಲೊಂದು ದಿನ ಹೆಸರುಕಾಳಿಗೆ ತನ್ನದೇ ಒಂದು ಸಿಹಿಯಿದೆ, ಕುಚ್ಚಲಕ್ಕಿಯ ಗಂಜಿಗೆ ಒಂದು ಪರಿಮಳವಿದೆ, ಜೋಳದ ರೊಟ್ಟಿಯನ್ನು ಅಗಿದಷ್ಟೂ ಅದು ಬಾಯಲ್ಲಿ ಸಿಹಿಯಾಗುತ್ತದೆ ಎಂಬುದು ಗೊತ್ತಾಗುತ್ತದೆ. ಇಷ್ಟು ದಿನ ಉಂಡದ್ದು ಉಪ್ಪಿನ ರುಚಿಯೋ ಕಾಳಿನ ರುಚಿಯೋ ಎಂಬ ಅನುಮಾನ ಆಗಲೇ ಹುಟ್ಟುವುದು. ರಸವನ್ನು ಬಿಟ್ಟಾಗ ಪದಾರ್ಥ ಮಾತನಾಡತೊಡಗುತ್ತದೆ.

ಆಹಾರವಿಜ್ಞಾನವೂ ಇದಕ್ಕೆ ವಿರುದ್ಧವಾಗಿಲ್ಲ. ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಂದವರ ನಾಲಗೆ ಕೆಲವು ವಾರಗಳಲ್ಲಿ ಆ ಮಟ್ಟಕ್ಕೆ ಒಗ್ಗಿಕೊಳ್ಳುತ್ತದೆ, ಹಳೆಯ ಪ್ರಮಾಣವೇ ಅವರಿಗೆ ಅತಿಯೆನಿಸತೊಡಗುತ್ತದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚೆಯಷ್ಟೂ ಇಲ್ಲದ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿಗಳಿಲ್ಲದೆ ಊಟವೇ ಸಾಗದ ನಮ್ಮ ತಟ್ಟೆಗಳಲ್ಲಿ ಆ ಗೆರೆ ಎಲ್ಲಿ ದಾಟಿಹೋಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ರುಚಿ ಹುಟ್ಟಿನಿಂದ ಬಂದ ಹಣೆಬರಹವಲ್ಲ, ಅಭ್ಯಾಸ ಬರೆದದ್ದು. ಅಭ್ಯಾಸ ಬರೆದದ್ದನ್ನು ಅಭ್ಯಾಸವೇ ತಿದ್ದಬಲ್ಲದು.

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಗೃಹಸ್ಥರಿಗಾಗಿ ಭೋಗೋಪಭೋಗ ಪರಿಮಾಣವ್ರತವನ್ನು ಹೇಳುವಾಗ ತ್ಯಾಗವನ್ನು ಎರಡಾಗಿ ವಿಂಗಡಿಸಿದ್ದಾರೆ. ಬದುಕಿರುವವರೆಗೂ ಬಿಡುವುದು ಯಮ, ಕಾಲದ ಮಿತಿ ಹಾಕಿಕೊಂಡು ಬಿಡುವುದು ನಿಯಮ. ಇಂದಿನ ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ ಹೀಗೆ ಯಾವ ಅವಧಿಯಾದರೂ ಆದೀತು. ಮನುಷ್ಯಸ್ವಭಾವವನ್ನು ಬಲ್ಲವರ ಮಾತು ಇದು. ‘ಇನ್ನೆಂದೂ ಸಿಹಿ ಮುಟ್ಟುವುದಿಲ್ಲ’ ಎಂದು ಹಬ್ಬದ ಮರುದಿನ ಆಣೆ ಮಾಡಿದವರು ಮುಂದಿನ ಹಬ್ಬದವರೆಗೂ ತಾಳುವುದಿಲ್ಲ. ‘ಈ ಪಕ್ಷ ಚಹಾಕ್ಕೆ ಸಕ್ಕರೆ ಬೇಡ’ ಎಂದವರು ಹದಿನೈದು ದಿನ ಕಳೆದ ಮೇಲೆ ಸಕ್ಕರೆ ಹಾಕಿದ ಚಹಾ ಕುಡಿದು ಮುಖ ಸಿಂಡರಿಸುವುದುಂಟು.

ಈ ನಿಯಮವನ್ನು ಬರೆದ ಸಮಂತಭದ್ರರ ಬಗ್ಗೆಯೇ ಪರಂಪರೆ ಒಂದು ಕಥೆಯನ್ನು ಹೇಳುತ್ತದೆ. ಅವರಿಗೆ ಭಸ್ಮಕವ್ಯಾಧಿ ಬಂತು. ಎಷ್ಟು ಉಂಡರೂ ಭಸ್ಮವಾಗಿಬಿಡುವ, ತಣಿಯದ ಹಸಿವು ಅದು. ಒಂದೇ ಹೊತ್ತು, ಕರಪಾತ್ರದಲ್ಲಿ ಸಿಕ್ಕಷ್ಟು ಉಣ್ಣುವ ಮುನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದು? ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಬಿಟ್ಟಾದರೂ ಹೊಟ್ಟೆ ತುಂಬ ಉಂಡು ರೋಗವನ್ನು ಗುಣಪಡಿಸಿಕೊಳ್ಳಬೇಕು, ಆಮೇಲೆ ಮತ್ತೆ ದೀಕ್ಷೆ ಪಡೆಯಬೇಕು ಎಂದರಂತೆ. ಅವರು ಹಾಗೆಯೇ ಮಾಡಿದರು. ಹಸಿವು ತಗ್ಗುತ್ತ ಬಂದಂತೆ ಮುಂದಿಟ್ಟ ಆಹಾರ ಉಳಿಯತೊಡಗಿತು. ಆಹಾರ ಉಳಿಯಿತೆಂಬುದೇ ಗುಣವಾಗುತ್ತಿರುವುದರ ಗುರುತಾಯಿತು.

ವ್ರತದ ಹೆಸರಿನಲ್ಲಿ ದೇಹವನ್ನು ದಂಡಿಸಲು ಆತುರಪಡುವವರು ಈ ಕಥೆಯನ್ನು ನೆನೆಯುವುದು ಒಳ್ಳೆಯದು. ತೀರ್ಥಂಕರತ್ವಕ್ಕೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳ ಹಿಂದೆ ‘ಶಕ್ತಿತಃ’, ಎಂದರೆ ಶಕ್ತಿಗೆ ತಕ್ಕಂತೆ ಎಂಬ ಮಾತು ಸೇರಿಕೊಂಡೇ ಇದೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದಿನಗಟ್ಟಲೆ ಉಪವಾಸಕ್ಕೆ ಇಳಿಯಬಾರದು. ಅವರಿಗೆ ಅನಶನಕ್ಕಿಂತ ಅವಮೌದರ್ಯ, ರಸಪರಿತ್ಯಾಗಗಳೇ ಹೊಂದುವ ತಪಸ್ಸು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ವ್ರತನಿಯಮಗಳ ಒಳಗೇ ನಾಲಗೆ ತನಗೊಂದು ಹಿತ್ತಲ ಬಾಗಿಲನ್ನು ಮಾಡಿಕೊಳ್ಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲವೆಂದ ಮಾತ್ರಕ್ಕೆ ಬಾಳೆಕಾಯಿ ಬಜ್ಜಿ ಸಾತ್ತ್ವಿಕವಾಗುತ್ತದೆ. ಸೂರ್ಯಾಸ್ತಕ್ಕೆ ಮುಂಚೆ ಎಂಬ ನಿಯಮವನ್ನು ಪಾಲಿಸುವ ಅವಸರದಲ್ಲಿ ಎರಡು ಹೊತ್ತಿನದನ್ನು ಒಂದೇ ಹೊತ್ತಿನಲ್ಲಿ ಉಣ್ಣುವುದುಂಟು. ಉಪವಾಸದ ಮರುದಿನದ ಪಾರಣೆಯಲ್ಲಿ ತುಪ್ಪ ಸುರಿದ ಹೋಳಿಗೆಗಳು ಒಂದರ ಮೇಲೊಂದು ಇಳಿಯುತ್ತವೆ. ಅಲ್ಲಿ ನಿಯಮ ಮುರಿದಿಲ್ಲ ನಿಜ. ಆದರೆ ನಿಯಮ ಯಾವುದಕ್ಕಾಗಿತ್ತೋ ಅದು ಕೈಬಿಟ್ಟಿದೆ. ಹಿಂದೆ ಹಿಟ್ಟಿಗೂ ಅವಧಿಯ ಮಿತಿಯಿತ್ತು: ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ಜೀವದಯೆಗಾಗಿ ಹುಟ್ಟಿದ ಈ ಲೆಕ್ಕವು ಮನೆಗೆ ತಾಜಾ ಹಿಟ್ಟನ್ನೂ ತೌಡಿನ ಸತ್ತ್ವವನ್ನೂ ತಾನಾಗಿಯೇ ಕೊಡುತ್ತಿತ್ತು. ತಿಂಗಳುಗಟ್ಟಲೆ ಕೆಡದ ಪೊಟ್ಟಣದ ತಿಂಡಿಯ ಮೇಲೆ ಶುದ್ಧ ಸಸ್ಯಾಹಾರದ ಹಸಿರು ಚುಕ್ಕೆಯನ್ನು ಕಂಡು ಸಮಾಧಾನಪಡುವ ಕಾಲದಲ್ಲಿ ಆ ಲೆಕ್ಕವನ್ನು ನೆನೆಯುವವರು ಕಡಿಮೆ.

ಇದರಿಂದ ಜಿನಧರ್ಮ ರುಚಿಯ ಶತ್ರುವೆಂದು ತಿಳಿಯಬೇಕಾಗಿಲ್ಲ. ಕನ್ನಡದಲ್ಲಿ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಪದ್ಯದಲ್ಲಿ ಬರೆದ ಮಂಗರಸ ಜೈನಕವಿ. ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ ವೈದ್ಯಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳನ್ನು ಹೊರಗಿಟ್ಟೇ ಚಿಕಿತ್ಸೆಯನ್ನು ಹೇಳಿದರು, ಮಾಂಸ ಹಿತವಲ್ಲವೆಂಬುದನ್ನು ರಾಜಸಭೆಯಲ್ಲಿ ವಾದಿಸಿದರು. ಇನ್ನು ಆದಿನಾಥರು ದೀರ್ಘ ಅನಶನದ ನಂತರ ಹಸ್ತಿನಾಪುರದಲ್ಲಿ ಶ್ರೇಯಾಂಸನ ಕೈಯಿಂದ ಸ್ವೀಕರಿಸಿದ ಮೊದಲ ಆಹಾರ ಕಬ್ಬಿನ ರಸ. ಅಕ್ಷಯತೃತೀಯೆಯ ಮೂಲವೇ ಆ ಸಿಹಿ. ಅಂಗೈಯಲ್ಲಿ ಹಿಡಿದಷ್ಟು ಸಿಹಿ ಅದು. ಅದನ್ನು ಬೇಡಿದವರೂ ಅವರಲ್ಲ, ಇನ್ನಷ್ಟು ಬೇಕೆಂದವರೂ ಅಲ್ಲ.

ಚಾತುರ್ಮಾಸ್ಯ ಮುಗಿದು ಸಂಘ ವಿಹಾರ ಹೊರಟ ಮೇಲೆ ಅಡುಗೆಮನೆಗಳು ಹಳೆಯ ದಿನಚರಿಗೆ ಮರಳುತ್ತವೆ. ಕೆಲವು ಮನೆಗಳಲ್ಲಿ ಮಾತ್ರ ಭಾನುವಾರದ ಬೇಳೆ ಉಪ್ಪಿಲ್ಲದೆಯೇ ಉಳಿಯುತ್ತದೆ. ಯಜಮಾನರಿಗೆಂದು ಬೇರೆ ಪಾತ್ರೆಯನ್ನು ಇಡುವ ಕಷ್ಟ ಅಂದು ಮನೆಯವರಿಗಿಲ್ಲ, ಎಲ್ಲರದ್ದೂ ಒಂದೇ ತಟ್ಟೆ. ಸೋಮವಾರ ಬೆಳಿಗ್ಗೆ ಸಾರು ಕುದಿಯುವಾಗ ಉಪ್ಪಿನ ಡಬ್ಬಿಗೆ ಹೋದ ಕೈ, ಯಾರೂ ಹೇಳದಿದ್ದರೂ, ಮೊದಲಿಗಿಂತ ಒಂದು ಚಿಟಿಕೆ ಕಡಿಮೆಯನ್ನೇ ತೆಗೆಯುತ್ತದೆ.