ಭಾನುವಾರ ಹೊಟ್ಟೆನೋವು ಇಲ್ಲ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಾರೆ. ಅವರ ಮೊಮ್ಮಗಳು ಮೂರನೇ ಕ್ಲಾಸು. ಚುರುಕು ಹುಡುಗಿ. ಅವಳಿಗೆ ಒಂದು ಸಲ ದಿನಾ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ನೋವು. ಶಾಲೆಯ ಗಂಟೆ ಹೊಡೆದ ಮೇಲೆ ನೋವು ಮಾಯ.

ಅವ್ವ ಓಮಿನ ಕಷಾಯ ಮಾಡಿ ಕೊಟ್ಟರು. ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋದರು. ದೃಷ್ಟಿ ತೆಗೆದದ್ದೂ ಆಯಿತು. ನೋವು ಹೋಗಲಿಲ್ಲ. ಅಪ್ಪನಿಗೆ ಸಾಕಾಯಿತು. "ಸ್ಕೂಲು ಬಿಡಿಸಿಬಿಡೋಣ. ಮನೇಲಿ ಕೂಸನ್ನಾದ್ರೂ ನೋಡ್ಕೊಳ್ಳಲಿ" ಅಂದುಬಿಟ್ಟರು.

ಅಜ್ಜಿ ಮಾತ್ರ ಒಂದು ವಿಷಯ ಗಮನಿಸಿದರು. ಭಾನುವಾರ ಹೊಟ್ಟೆನೋವು ಇಲ್ಲ! ಹಬ್ಬದ ರಜಾ ದಿನವೂ ಇಲ್ಲ.

ಅಜ್ಜಿ ಬೈಯಲಿಲ್ಲ. ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡರು. ತಲೆ ಸವರುತ್ತಾ ಕೇಳಿದರು. "ಯಾಕವ್ವ, ಸ್ಕೂಲಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?" ಹುಡುಗಿ ಮೊದಲ ದಿನ ಹೇಳಲಿಲ್ಲ. ಎರಡನೇ ದಿನವೂ ಹೇಳಲಿಲ್ಲ. ಮೂರನೇ ದಿನ ಅತ್ತುಬಿಟ್ಟಳು.

ಆಗಿದ್ದು ಇಷ್ಟು. ಹುಡುಗಿಗೆ ದೂರದ್ದು ಕಾಣುತ್ತಿರಲಿಲ್ಲ. ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟಿದ್ದರು. ಅದನ್ನು ಹಾಕಿಕೊಂಡು ಹೋದ ದಿನವೇ ಐದನೇ ಕ್ಲಾಸಿನ ಒಬ್ಬ ಹುಡುಗ "ಸೋಡಾಬುಡ್ಡಿ" ಎಂದು ಕೂಗಿದ. ಸುತ್ತ ಇದ್ದವರೆಲ್ಲ ನಕ್ಕರು. ಮರುದಿನ ಬಿಸಿಯೂಟದ ಸಾಲಿನಲ್ಲಿ ಅದೇ ಹೆಸರು. ಅದರ ಮರುದಿನ ಕೆರೆ ಏರಿ ಮೇಲೆ ಅದೇ ಹೆಸರು. ಚೀಲ ಕಿತ್ತುಕೊಂಡು ಎಸೆದದ್ದೂ ಆಯಿತು.

ಹುಡುಗಿ ಕನ್ನಡಕ ತೆಗೆದಳು. ಹಳೇ ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದಳು. ಕನ್ನಡಕ ಇಲ್ಲ ಅಂದರೆ ಬೋರ್ಡು ಕಾಣಲ್ಲ. ಬೋರ್ಡು ಕಾಣದೆ ಇದ್ದರೆ ಬರೆದದ್ದೆಲ್ಲ ತಪ್ಪು. ತಪ್ಪು ಬರೆದರೆ ಬೈಗುಳ. ಅತ್ತ ಹುಡುಗರ ಕಾಟ, ಇತ್ತ ಮೇಷ್ಟ್ರ ಬೈಗುಳ. ಎಂಟು ವರ್ಷದ ಮಗು ಏನು ಮಾಡಬೇಕು? ಹೊಟ್ಟೆನೋವು ಅಂದಿತು. ಅದು ಸುಳ್ಳಲ್ಲ. ಹೆದರಿದಾಗ ಮಕ್ಕಳಿಗೆ ನಿಜವಾಗಿಯೂ ಹೊಟ್ಟೆ ನುಲಿಯುತ್ತದೆ.

ಅಜ್ಜಿ ಈ ವಿಷಯವನ್ನು ನಮ್ಮ ಕೇಂದ್ರದಲ್ಲಿ ಹೇಳಿದರು. ನಾವೆಲ್ಲ ಆವತ್ತು ಪುಸ್ತಕ ಮುಚ್ಚಿಟ್ಟು ಅದನ್ನೇ ಮಾತಾಡಿದೆವು. "ಮಕ್ಕಳ ಜಗಳ ಕಣ್ರೀ, ದೊಡ್ಡೋರು ಬಾಯಿ ಹಾಕಬಾರದು" ಎಂದರು ಒಬ್ಬರು. ಇನ್ನೊಬ್ಬರು "ತಿರುಗಿಸಿ ಬಾರಿಸು ಅಂತ ನನ್ನ ಮಗನಿಗೆ ಹೇಳಿಕೊಟ್ಟಿದೀನಿ" ಎಂದರು. ಆ ಮಗು ತಿರುಗಿಸಿ ಬಾರಿಸೋ ಹಾಗಿದ್ದರೆ ಇವರು ಅದರ ತಂಟೆಗೆ ಬರುತ್ತಿದ್ದರೇ? ಯಾರ ಕೈಲಿ ಆಗುವುದಿಲ್ಲವೋ ಅವರನ್ನೇ ಹುಡುಕಿ ಕಾಡುತ್ತಾರೆ.

ಜಗಳ ಬೇರೆ, ಗೋಳು ಹುಯ್ದುಕೊಳ್ಳುವುದು ಬೇರೆ. ಗೋಲಿ ಆಟದಲ್ಲಿ ಇಬ್ಬರು ಜಗಳ ಆಡ್ತಾರೆ. ಇಬ್ಬರೂ ಕೂಗ್ತಾರೆ, ಇಬ್ಬರೂ ತಳ್ಳಾಡ್ತಾರೆ. ಸಂಜೆ ಹೊತ್ತಿಗೆ ಒಂದೇ ಸೀಬೆಹಣ್ಣು ಕಚ್ಚಿ ತಿಂತಾರೆ. ಅದಕ್ಕೆ ದೊಡ್ಡವರು ಬೇಕಾಗಿಲ್ಲ. ಗೋಳು ಹುಯ್ದುಕೊಳ್ಳುವಾಗ ಒಬ್ಬರು ಬಲವಂತರು, ಇನ್ನೊಬ್ಬರು ಇಲ್ಲ. ಇವತ್ತು ಆಗುತ್ತದೆ, ನಾಳೆಯೂ ಆಗುತ್ತದೆ. ಒಬ್ಬರಿಗೆ ನಗು, ಇನ್ನೊಬ್ಬರಿಗೆ ಅಳು. ಅಲ್ಲಿ ದೊಡ್ಡವರು ಬೇಕೇ ಬೇಕು.

ಅಜ್ಜಿ ಮಗನ ಜೊತೆ ಶಾಲೆಗೆ ಹೋದರು. ಮೇಷ್ಟ್ರಿಗೆ ವಿಷಯವೇ ಗೊತ್ತಿರಲಿಲ್ಲ. ಸಿಟ್ಟು ಬಂತು. ಆ ಹುಡುಗನನ್ನು ಕರೆದು ಎಲ್ಲರ ಎದುರು ಬೈದು, ಮೊಣಕಾಲ ಮೇಲೆ ನಿಲ್ಲಿಸಿದರು. ಆಮೇಲೆ ಏನಾಯಿತು ಗೊತ್ತೇ? ಶಾಲೆಯೊಳಗೆ ಕಾಟ ನಿಂತಿತು. ಕೆರೆ ಏರಿ ಮೇಲೆ ಹೆಚ್ಚಾಯಿತು. "ಚಾಡಿ ಹೇಳ್ತೀಯಾ?" ಎಂದು ಹುಡುಗ ಕಾದು ನಿಂತ.

ಅಜ್ಜಿ ಮತ್ತೆ ಹೋದರು. "ಆ ಹುಡುಗನ್ನ ಹೊಡೀಬೇಡಿ ಮೇಷ್ಟ್ರೇ. ಅವನ ಮನೇಲೂ ಅದೇ ಸಿಗ್ತದೆ" ಎಂದರು. ನಿಜ. ಆ ಹುಡುಗನ ಅಪ್ಪ ಅವನನ್ನು ಹೆಸರು ಹಿಡಿದು ಕರೆದದ್ದನ್ನು ನಾವು ಯಾರೂ ಕೇಳಿಲ್ಲ. "ದಂಡಪಿಂಡ" ಅಂತಲೇ ಕರೆಯುವುದು.

ಮೇಷ್ಟ್ರು ಯೋಚನೆ ಮಾಡಿದರು. ಈ ಸಲ ಇಬ್ಬರನ್ನೂ ಬೇರೆ ಬೇರೆ ಕರೆದು ಮಾತಾಡಿದರು. ಎದುರುಬದುರು ನಿಲ್ಲಿಸಿ ಕೇಳಿದರೆ ಹೆದರಿದ ಮಗು ಬಾಯಿ ಬಿಡುವುದಿಲ್ಲ. ಏಳನೇ ಕ್ಲಾಸಿನ ಇಬ್ಬರು ಹುಡುಗಿಯರಿಗೆ "ಇವಳನ್ನ ಜೊತೇಲಿ ಕರ್ಕೊಂಡು ಹೋಗಿ" ಎಂದರು. ಹುಡುಗನಿಗೆ ಗಂಟೆ ಹೊಡೆಯುವ ಕೆಲಸ ಕೊಟ್ಟರು. ಹೊತ್ತಿಗೆ ಸರಿಯಾಗಿ ಹೊಡೆದ ದಿನ "ಇವತ್ತು ಸರಿಯಾದ ಟೈಮಿಗೆ ಹೊಡೆದೆ ಕಣೋ" ಎಂದರು. ತಪ್ಪು ಮಾಡಿದ ದಿನ ಆ ತಪ್ಪನ್ನು ಹೇಳಿದರು, ಅವನನ್ನು ಹೀಗಳೆಯಲಿಲ್ಲ.

ಮುಖ್ಯವಾದದ್ದು ಇನ್ನೊಂದಿದೆ. ಮೇಷ್ಟ್ರು ನಕ್ಕವರನ್ನು ಕೇಳಿದರು. ಕೂಗಿದವನು ಒಬ್ಬ. ನಕ್ಕವರು ಹದಿನೈದು ಜನ. "ನೀವು ಯಾಕೆ ನಕ್ಕಿರಿ?" ಎಂದರು. ಮಕ್ಕಳು ತಲೆ ತಗ್ಗಿಸಿದರು. ಒಬ್ಬ ಹೇಳಿದ: "ನಗದೇ ಇದ್ರೆ ನಮ್ಗೂ ಹೆಸರಿಡ್ತಾರೆ ಸಾರ್."

ಆ ಹುಡುಗನ ಮಾತು ಬಹಳ ದೊಡ್ಡದು. ನೋಡುವವರು ಇಲ್ಲದಿದ್ದರೆ ಬಯಲಾಟ ಇಲ್ಲ. ನಗುವವರು ಇಲ್ಲದಿದ್ದರೆ ಅಡ್ಡಹೆಸರಿಗೂ ಬೆಲೆ ಇಲ್ಲ. ಮಕ್ಕಳೇ ಕೂತು ಮೂರು ಮಾತು ಗೊತ್ತು ಮಾಡಿದರು. ನೋಯುವ ಹೆಸರಿಂದ ಯಾರನ್ನೂ ಕರೆಯಬಾರದು. ಕರೆದರೆ ನಗಬಾರದು. ಒಬ್ಬರೇ ಕೂತವರನ್ನು ಆಟಕ್ಕೆ ಕರೆಯಬೇಕು. ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರು. ದೊಡ್ಡವರಿಗೆ ಹೇಳುವುದು ಚಾಡಿಯಲ್ಲ ಎಂದು ಮೇಷ್ಟ್ರು ಕೆಳಗೆ ಸೇರಿಸಿದರು.

ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಲ್ಲ. ನಾರ್ವೆ ಎಂಬ ಚಳಿ ದೇಶ ಇದೆ. ಅಲ್ಲಿ 1983ರಲ್ಲಿ ಸರ್ಕಾರವೇ ಎಲ್ಲ ಶಾಲೆಗಳಲ್ಲಿ ಈ ಕಾಟದ ವಿರುದ್ಧ ಕೆಲಸ ಶುರು ಮಾಡಿತು. ಡಾನ್ ಓಲ್ವೇಯುಸ್ ಎಂಬ ವಿದ್ವಾಂಸರು ಬರ್ಗೆನ್ ಎಂಬ ಊರಿನಲ್ಲಿ ಸುಮಾರು 2,500 ಮಕ್ಕಳನ್ನು ವಿಚಾರಿಸುತ್ತಾ ಬಂದರು. ಆಟದ ಹೊತ್ತಿನಲ್ಲಿ ಮೇಷ್ಟ್ರುಗಳು ಹೊರಗೆ ನಿಂತು ನೋಡಿಕೊಂಡರು. ಕ್ಲಾಸಿನಲ್ಲಿ ನಿಯಮ ಮಾಡಿದರು. ತಂದೆತಾಯಿಯರನ್ನು ಕರೆದು ಮಾತಾಡಿದರು. ಎರಡು ವರ್ಷದಲ್ಲಿ ಕಾಟ ಸುಮಾರು ಅರ್ಧಕ್ಕೆ ಇಳಿಯಿತು. ದುಡ್ಡು ಸುರಿಯುವ ಕೆಲಸ ಅಲ್ಲ ಇದು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಜಾತಿ ಹಿಡಿದು ಆಡುವ ಮಾತೂ ಇದೆ. ಊಟದ ಸಾಲಿನಲ್ಲಿ ಸರಿದು ಕೂರುವುದೂ ಇದೆ. ಬಾಬಾಸಾಹೇಬ ಅಂಬೇಡ್ಕರ್ ಅವರು ಸಾತಾರದಲ್ಲಿ ಶಾಲೆಗೆ ಹೋಗುತ್ತಿದ್ದಾಗ ಬೇರೆಯಾಗಿ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಆ ಗೋಣಿತಟ್ಟನ್ನು ಯಾರೂ ಮುಟ್ಟುತ್ತಿರಲಿಲ್ಲ. ದಿನಾ ಸಂಜೆ ಮನೆಗೆ ಹೊತ್ತುಕೊಂಡು ಹೋಗಿ ಮರುದಿನ ತರಬೇಕಿತ್ತು. ನಲ್ಲಿ ಮುಟ್ಟುವ ಹಾಗಿಲ್ಲ. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಜವಾನ ಇಲ್ಲದ ದಿನ ನೀರಿಲ್ಲ. ಹೀಗೆ ನೊಂದ ಹುಡುಗ ಮುಂದೆ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದರು. ಆದರೆ ಆ ನೋವನ್ನು ಮರೆಯಲಿಲ್ಲ, ದೊಡ್ಡವರಾದ ಮೇಲೆ ಬರೆದಿಟ್ಟರು. ಮೂರನೇ ಕ್ಲಾಸಿನ ಮಗುವಿಗೆ ಜಾತಿ ಯಾರು ಕಲಿಸಿದರು? ಶಾಲೆಯ ಪುಸ್ತಕ ಅಲ್ಲ. ನಮ್ಮ ಜಗಲಿ ಕಲಿಸಿತು.

ಅಡ್ಡಹೆಸರೂ ಹಾಗೇ. ಕುಂಟ, ಕರಿಯ, ತೊದಲ, ಡುಮ್ಮಿ. ನಾವು ಮನೆಯಲ್ಲಿ ಕೂತು ಅಕ್ಕಪಕ್ಕದವರನ್ನು ಹೀಗೇ ಕರೀತೀವಿ. ಮಕ್ಕಳು ಕೇಳಿಸಿಕೊಳ್ತಾರೆ. ನಮ್ಮ ಕೇಂದ್ರದಲ್ಲಿ ಒಂದು ವಾರ ಪಂದ್ಯ ಕಟ್ಟಿದೆವು, ಯಾರನ್ನೂ ಅಡ್ಡಹೆಸರಿಂದ ಕರೆಯಬಾರದು ಅಂತ. ಎರಡನೇ ದಿನಕ್ಕೇ ಎಲ್ಲರೂ ಸೋತೆವು!

ನೀವೂ ನಿಮ್ಮ ಮಗುವನ್ನು ಗಮನಿಸಿ. ಬಟ್ಟೆ ಹರಿದು ಬರುತ್ತದೆಯೇ? ಪೆನ್ಸಿಲ್ಲು ದಿನಾ ಕಳೆಯುತ್ತದೆಯೇ? ಹತ್ತಿರದ ದಾರಿ ಬಿಟ್ಟು ಸುತ್ತು ದಾರಿ ಹಿಡಿಯುತ್ತದೆಯೇ? ಹಾಗಿದ್ದರೆ ಬೈಯಬೇಡಿ, ಕೇಳಿ. ನಿಮ್ಮ ಮಗುವೇ ಬೇರೆಯವರನ್ನು ಕಾಡುತ್ತಿದೆ ಎಂದು ತಿಳಿದರೆ ಆಗಲೂ ಕೇಳಿ. ಈ ಎರಡನೆಯದೇ ಕಷ್ಟ. ನಮ್ಮ ಮಗು ಹಾಗಲ್ಲ ಅಂತ ಎಲ್ಲರೂ ಅಂತೀವಿ.

ಮೊದಲು ಮೇಷ್ಟ್ರಿಗೆ ಹೇಳಿ. ಆಮೇಲೆ ಶಾಲೆಯ ಎಸ್‌ಡಿಎಂಸಿಗೆ ಹೇಳಿ. ಅದರಲ್ಲಿ ನಮ್ಮಂಥ ತಂದೆತಾಯಿಯರೇ ಸದಸ್ಯರು. ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಶಾಲೆಯಲ್ಲಿ ಮಗುವಿಗೆ ಹೊಡೆಯುವ ಹಾಗಿಲ್ಲ, ಮನಸ್ಸಿಗೆ ಹಿಂಸೆ ಕೊಡುವ ಹಾಗೂ ಇಲ್ಲ ಎಂದು ಅದರ 17ನೇ ಕಲಮು ಹೇಳುತ್ತದೆ. ಮೊಣಕಾಲ ಮೇಲೆ ನಿಲ್ಲಿಸಿದ್ದೂ ತಪ್ಪೇ. ಎಲ್ಲೂ ದಾರಿ ಕಾಣದಿದ್ದರೆ ಮಕ್ಕಳ ಸಹಾಯವಾಣಿ ಇದೆ. ನಂಬರು 1098. ಓದಿ ನೋಡಿ: ಒಂದು, ಸೊನ್ನೆ, ಒಂಬತ್ತು, ಎಂಟು. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ಕಾಸು ಬೀಳುವುದಿಲ್ಲ. ಮಗುವೇ ಮಾಡಬಹುದು.

ಹುಡುಗಿ ಈಗ ನಾಲ್ಕನೇ ಕ್ಲಾಸು. ಕನ್ನಡಕ ಹಾಕಿಕೊಂಡೇ ಹೋಗುತ್ತಾಳೆ. ಆ ಹುಡುಗ ಇನ್ನೂ ಗಂಟೆ ಹೊಡೆಯುತ್ತಾನೆ. ಅವನ ಬಾಯಲ್ಲಿ ಒಂದೊಂದು ಸಲ ಹಳೇ ಹೆಸರು ಬರುವುದೂ ಉಂಟು. ಆದರೆ ಈಗ ಅದಕ್ಕೆ ಯಾರೂ ನಗುವುದಿಲ್ಲ. ಅಜ್ಜಿ ಮಾತ್ರ ಈಗಲೂ ದಿನಾ ರಾತ್ರಿ ತಲೆ ಸವರುತ್ತಾ ಕೇಳುತ್ತಾರೆ. "ಇವತ್ತು ಸ್ಕೂಲಲ್ಲಿ ಏನಾಯ್ತವ್ವ?"